ಚಕ್ರ ತಿರುಗಿಸುವ ಕೈಗೆ ಕೂಲಿ ಎಲ್ಲಿ?



ಹೋದ ದೀಪಾವಳಿಗೆ ಉಪನಗರದ ಒಂದು ಹೊಟೇಲಿನಲ್ಲಿ ನಮ್ಮ ಸದಸ್ಯರಿಗೆ ಪ್ರತಿ ವರ್ಷ ಕೊಡುತ್ತಿದ್ದ ಟವೆಲು, ಮಿಠಾಯಿ ಪೊಟ್ಟಣಗಳ ಬದಲಿಗೆ ಒಂದೊಂದು ಅಂಗಿ ಹಂಚಿದರು. ಹಸಿರು ಬಣ್ಣದ ಟೀ ಶರ್ಟು. ಎದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಬರೆಹ. ಅದನ್ನು ತೊಟ್ಟ ಕ್ಲೀನರ್ ಹುಡುಗನಿಗೆ ಓದಲು ಬಾರದು. ಆದ್ದರಿಂದ ಸಂಘದ ಕಚೇರಿಗೆ ಬಂದು ಎದೆ ತೋರಿಸಿ ಇದರ ಅರ್ಥವೇನು ಎಂದು ಕೇಳಿದ. "ನಾನು ಮೊದಲು ಎಂಟು ಬಾಟಲಿಗಳಾಗಿದ್ದೆ" ಎಂದು ಅಂಗಿಯೇ ಹೇಳಿಕೊಳ್ಳುತ್ತದೆ ಎಂದೆವು. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಅಣ್ಣಾ, ಬಾಟಲಿ ಹೆಕ್ಕುವುದು ನಾವಲ್ಲವಾ? ಮೊದಲು ಅದರ ದುಡ್ಡು ನಮಗೇ ಬರುತ್ತಿತ್ತಲ್ಲ?" ಎಂದ.

ಹುಡುಗ ಕೇಳಿದ್ದು ನ್ಯಾಯವಾದ ಪ್ರಶ್ನೆ. ಹೊಟೇಲಿನ ಹಿಂಬಾಗಿಲಿನ ವ್ಯವಹಾರ ಹೊರಗಿನವರಿಗೆ ಗೊತ್ತಿಲ್ಲ. ಖಾಲಿ ನೀರಿನ ಬಾಟಲಿ, ಹಾಲಿನ ಚೀಲ, ರಟ್ಟಿನ ಪೆಟ್ಟಿಗೆ, ಒಡೆದ ಬಾಲ್ದಿ ಇವನ್ನೆಲ್ಲ ಮೋರಿಯವರು, ಕ್ಲೀನರುಗಳು ಒಂದು ಗೋಣಿಯಲ್ಲಿ ಕೂಡಿಟ್ಟು ವಾರಕ್ಕೊಮ್ಮೆ ಭಂಗಾರ್‌ವಾಲನಿಗೆ ತೂಗಿ ಕೊಡುತ್ತಿದ್ದರು. ಬಂದ ಪುಡಿಕಾಸು ಅವರದೇ. ಊರಿಗೆ ಹೋಗುವವನ ರೈಲಿನ ಟಿಕೇಟಿಗೆ, ಗಣಪತಿಯ ವರ್ಗಣಿಗೆ, ಜ್ವರ ಬಂದವನ ಔಷಧಕ್ಕೆ ಅದು ಆಗುತ್ತಿತ್ತು. ಎಣ್ಣೆಯ ದೊಡ್ಡ ಡಬ್ಬಗಳು ಮಾಲಕರ ಲೆಕ್ಕಕ್ಕೆ, ಚಿಲ್ಲರೆ ಗುಜರಿ ಹುಡುಗರ ಲೆಕ್ಕಕ್ಕೆ ಎಂಬುದು ಯಾವ ಪುಸ್ತಕದಲ್ಲಿಯೂ ಬರೆದಿರದ, ಯಾರೂ ಮುರಿಯದ ಕಟ್ಟಳೆಯಾಗಿತ್ತು. ಈಗ ಆ ಹೊಟೇಲಿಗೆ ಒಂದು ಕಂಪೆನಿಯ ಗಾಡಿ ಬರುತ್ತದೆ. ಯಂತ್ರದ ತಕ್ಕಡಿಯಲ್ಲಿ ತೂಗುತ್ತಾರೆ. ಹಣ ನೇರವಾಗಿ ಹೊಟೇಲಿನ ಖಾತೆಗೆ ಸೇರುತ್ತದೆ. ಗಲ್ಲಾದ ಹಿಂದೆ, ದೇವರ ಪಟದ ಪಕ್ಕದಲ್ಲಿ, ಚೌಕಟ್ಟು ಹಾಕಿದ ಒಂದು ಪ್ರಮಾಣಪತ್ರ ತೂಗುತ್ತಿದೆ: ಈ ಸಂಸ್ಥೆಯು ಚಕ್ರೀಯ ಅರ್ಥವ್ಯವಸ್ಥೆಯ ಪಾಲುದಾರ ಎಂದು. ಹುಡುಗರ ಪಾಲಿಗೆ ಬಂದದ್ದೇನು? ಬಾಗಿಲು ಹಾಕಿದ ಮೇಲೆ, ರಾತ್ರಿ ಹನ್ನೆರಡರ ಹೊತ್ತಿಗೆ, ಅರ್ಧ ಗಂಟೆ ನಿಂತು ಕಸವನ್ನು ನಾಲ್ಕು ಡ್ರಮ್ಮುಗಳಿಗೆ ಬೇರ್ಪಡಿಸುವ ಕೆಲಸ. ಅದಕ್ಕೆ ಓವರ್‌ಟೈಮ್ ಇಲ್ಲ. ದುಡ್ಡು ಹೋಯಿತು, ದುಡಿತ ಹೆಚ್ಚಿತು, ಅಂಗಿ ಸಿಕ್ಕಿತು.

ನಾವು ಪ್ಲಾಸ್ಟಿಕ್ಕಿನ ಮರುಬಳಕೆಯ ವೈರಿಗಳೆಂದು ಯಾರೂ ತಿಳಿಯಬಾರದು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ಗಟಾರದ ಬಾಯಿಗೆ ಸಿಕ್ಕಿಕೊಂಡ ಚೀಲಗಳು ನೀರನ್ನು ತಡೆದದ್ದನ್ನು ಕಂಡವರು ನಾವು. ಸೊಂಟದವರೆಗಿನ ಆ ನೀರಿನಲ್ಲಿ ನಡೆದವರೂ ನಾವೇ. 2016ರ ಜನವರಿಯಲ್ಲಿ ದೇವನಾರಿನ ಕಸದ ಗುಡ್ಡ ದಿನಗಟ್ಟಲೆ ಉರಿದಾಗ ಆ ಹೊಗೆ ಕುಡಿದವರೂ ಸಿರಿವಂತರಲ್ಲ, ಗೋವಂಡಿಯ ಚಾಳುಗಳವರು, ಝೋಪಡಪಟ್ಟಿಯವರು. ಪ್ಲಾಸ್ಟಿಕ್ಕು ಬೀದಿಗೆ ಬೀಳದೆ ಮತ್ತೆ ಕೆಲಸಕ್ಕೆ ಬರುವುದಾದರೆ ಎಲ್ಲರಿಗಿಂತ ಮೊದಲು ಸಂತೋಷಪಡಬೇಕಾದವರು ನಾವು.

ಅಷ್ಟೇ ಅಲ್ಲ, ಈ ವಿದ್ಯೆ ನಮಗೆ ಹೊಸತೂ ಅಲ್ಲ. ಗಿರಣಗಾಂವಿನ ಹಿರಿಯರನ್ನು ಕೇಳಿ ನೋಡಿ. ಕಾರ್ಡಿಂಗ್ ಖಾತೆಯಲ್ಲಿ ಯಂತ್ರದಡಿಗೆ ಉದುರಿದ ಹತ್ತಿಯನ್ನು ಯಾರೂ ಕಸವೆಂದು ಎಸೆಯುತ್ತಿರಲಿಲ್ಲ. ಅದನ್ನು ಗುಡಿಸಿ, ತೂಗಿ, ಬೇಲು ಕಟ್ಟಿ ಮಾರುತ್ತಿದ್ದರು. ಒರಟು ನೂಲಾಗಿ, ಗಾದಿಯ ಹತ್ತಿಯಾಗಿ ಅದು ಮತ್ತೆ ಊರಿಗೇ ಬರುತ್ತಿತ್ತು. ಹರಿದ ಬಟ್ಟೆಯ ಚಿಂದಿ ಯಂತ್ರ ಒರೆಸಲು ಬೇಕಾಗುತ್ತಿತ್ತು. ಹೊಟೇಲಿನಲ್ಲಿಯೂ ಹಾಗೆಯೇ: ಉಂಡ ಬಾಳೆಯೆಲೆ ತಬೇಲೆಯ ಎಮ್ಮೆಗೆ, ಸ್ಟೀಲಿನ ಲೋಟ ಮೋರಿಗೆ, ಮೋರಿಯಿಂದ ಮತ್ತೆ ಮೇಜಿಗೆ. ಆರೇ ಹಾಲಿನ ಗಾಜಿನ ಬಾಟಲಿಗಳನ್ನು ನೆನಪಿಟ್ಟುಕೊಂಡವರು ನಮ್ಮಲ್ಲಿ ಇನ್ನೂ ಇದ್ದಾರೆ. ಬೆಳಗಿನ ಜಾವ ಖಾಲಿ ಬಾಟಲಿ ಕೊಟ್ಟರೆ ತುಂಬಿದ ಬಾಟಲಿ. ಖಾಲಿ ತರದವನು ಪೆಚ್ಚುಮೋರೆ ಹಾಕಿಕೊಂಡು ನಿಲ್ಲಬೇಕು. ಬಾಟಲಿಯನ್ನು ತೊಳೆದು ಮತ್ತೆ ತುಂಬುತ್ತಿದ್ದರು. ಅದು ನಿಜವಾದ ಚಕ್ರ. ಮುಂಬಯಿಯ ಡಬ್ಬಾವಾಲರು 1890ರಿಂದ ಹೊರುತ್ತಿರುವ ಡಬ್ಬಿಯೂ ಅದೇ: ಬೆಳಿಗ್ಗೆ ಹೋದದ್ದು ಸಂಜೆ ಮನೆಗೆ ಬರುತ್ತದೆ. ಇವರಲ್ಲಿ ಯಾರಿಗೂ ಚಕ್ರೀಯ ಅರ್ಥವ್ಯವಸ್ಥೆಯೆಂಬ ಪ್ರಮಾಣಪತ್ರವನ್ನು ಚೌಕಟ್ಟು ಹಾಕಿಸಿ ತೂಗುಹಾಕಬೇಕೆಂದು ತೋಚಲಿಲ್ಲ.

ಈಗ ಚಕ್ರವೆಂದು ನಮ್ಮ ಮುಂದೆ ತಿರುಗಿಸಿ ತೋರಿಸುತ್ತಿರುವುದು ಅದೇನು? ಲೆಕ್ಕವನ್ನು ನೋಡೋಣ. 1950ರಲ್ಲಿ ಇಡೀ ಜಗತ್ತು ತಯಾರಿಸಿದ ಪ್ಲಾಸ್ಟಿಕ್ಕು ಸುಮಾರು 20 ಲಕ್ಷ ಟನ್ನು. 2015ರಲ್ಲಿ ಒಂದೇ ವರ್ಷಕ್ಕೆ 38 ಕೋಟಿ ಟನ್ನು. ಮೊದಲಿನಿಂದ 2015ರವರೆಗೆ ತಯಾರಾದುದೆಲ್ಲವನ್ನೂ ಅಮೇರಿಕದ ಮೂವರು ವಿಜ್ಞಾನಿಗಳು ಕೂಡಿಸಿ 2017ರಲ್ಲಿ ಪ್ರಕಟಿಸಿದರು: 830 ಕೋಟಿ ಟನ್ನು. ಅದರಲ್ಲಿ 630 ಕೋಟಿ ಟನ್ನು ಆಗಲೇ ಕಸವಾಗಿತ್ತು. ಆ ಕಸದಲ್ಲಿ ಕರಗಿಸಿ ಮರುಬಳಕೆಗೆ ಬಂದದ್ದು ನೂರಕ್ಕೆ 9 ಪಾಲು. ಸುಟ್ಟದ್ದು 12 ಪಾಲು. ಉಳಿದ 79 ಪಾಲು ಕಸದ ಗುಡ್ಡಗಳಲ್ಲಿ, ಗದ್ದೆ, ನದಿ, ಕಡಲುಗಳಲ್ಲಿ ಬಿದ್ದಿದೆ. ಇನ್ನೊಂದು ಮಾತನ್ನು ಗಮನಿಸಬೇಕು. ಮರುಬಳಕೆಗೆ ಬಂದ ಆ 9 ಪಾಲಿನಲ್ಲಿಯೂ ಎರಡನೆಯ ಸಲ ತಿರುಗಿ ಬಂದದ್ದು ಹತ್ತರಲ್ಲೊಂದು ಭಾಗ ಮಾತ್ರ. ಒಂದು ಸುತ್ತು ಹೋಗಿ ನಿಂತುಬಿಡುವುದಕ್ಕೆ ಚಕ್ರವೆಂದು ಹೆಸರಿಟ್ಟವರು ಯಾವ ಗಾಡಿಯನ್ನು ಹೊಡೆದಿದ್ದಾರೋ ನಾವರಿಯೆವು.

ಕಾರಣ ಸರಳವಾಗಿದೆ. ಸ್ಟೀಲಿನ ಲೋಟವನ್ನು ಕರಗಿಸಿದರೆ ಮತ್ತೆ ಸ್ಟೀಲೇ ಸಿಗುತ್ತದೆ, ಗಾಜನ್ನು ಕರಗಿಸಿದರೆ ಗಾಜೇ. ಪ್ಲಾಸ್ಟಿಕ್ಕಿನ ಒಳಗಿರುವುದು ಉದ್ದುದ್ದವಾದ ಸರಪಳಿಗಳು. ಕಾಯಿಸಿ ಕರಗಿಸಿದ ಪ್ರತಿ ಸಲವೂ ಅವು ಕಡಿದು ಗಿಡ್ಡವಾಗುತ್ತವೆ. ನೂಲಿನ ಕೆಲಸ ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ: ಎಳೆ ಗಿಡ್ಡವಾದಷ್ಟೂ ನೂಲು ಬಡವಾಗುತ್ತದೆ. ಅಲ್ಲದೆ ಪ್ಲಾಸ್ಟಿಕ್ಕು ಒಂದೇ ಜಾತಿಯಲ್ಲ. ಬಾಟಲಿಯದು ಒಂದು ಜಾತಿ, ಹಾಲಿನ ಚೀಲದ್ದು ಇನ್ನೊಂದು, ಪಾರ್ಸೆಲ್ ಡಬ್ಬಿಯದು ಮತ್ತೊಂದು. ಬೆರೆಸಿ ಕರಗಿಸಿದರೆ ಯಾವುದಕ್ಕೂ ಬಾರದು. ಡಬ್ಬಿಯ ತಳದಲ್ಲಿ ಬಾಣಗಳ ತ್ರಿಕೋಣದೊಳಗೆ 1ರಿಂದ 7ರವರೆಗಿನ ಒಂದು ಅಂಕಿ ಇರುತ್ತದಲ್ಲ, ಅದನ್ನು ನೋಡಿ ಇದು ಮರುಬಳಕೆಯ ಮಾಲು ಎಂದು ನಂಬಿದವರು ಬಹಳ. ಆ ಗುರುತನ್ನು 1988ರಲ್ಲಿ ಅಮೇರಿಕದ ಪ್ಲಾಸ್ಟಿಕ್ ಕಂಪೆನಿಗಳ ಒಕ್ಕೂಟವೇ ಹುಟ್ಟಿಸಿತು. ಅದು ಪ್ಲಾಸ್ಟಿಕ್ಕಿನ ಜಾತಿಯನ್ನು ಹೇಳುತ್ತದೆ, ಅಷ್ಟೆ. ಮರಳಿ ಬರುತ್ತದೆಂದು ಎಲ್ಲಿಯೂ ಮಾತು ಕೊಡುವುದಿಲ್ಲ. ಬಾಣಗಳನ್ನು ಸುತ್ತ ತಿರುಗಿಸಿದ್ದೇಕೆಂದು ಕೇಳಿದರೆ ಉತ್ತರವಿಲ್ಲ. 2024ರ ಸೆಪ್ಟೆಂಬರಿನಲ್ಲಿ ಅಲ್ಲಿಯ ಕ್ಯಾಲಿಫೋರ್ನಿಯಾ ರಾಜ್ಯವೇ ಎಕ್ಸಾನ್‌ಮೊಬಿಲ್ ಎಂಬ ತೈಲ ಕಂಪೆನಿಯ ಮೇಲೆ, ಮರುಬಳಕೆಯ ಆಸೆ ತೋರಿಸಿ ಜನರನ್ನು ದಶಕಗಟ್ಟಲೆ ವಂಚಿಸಿತೆಂದು ದಾವೆ ಹೂಡಿತು.

ಅಂಗಿಯ ಮಾತಿಗೆ ಬರೋಣ. 2023ರ ಫೆಬ್ರವರಿಯಲ್ಲಿ ಪ್ರಧಾನಮಂತ್ರಿಗಳು ಬಾಟಲಿಗಳಿಂದ ತಯಾರಾದ ನೀಲಿ ಜಾಕೀಟು ತೊಟ್ಟು ಪಾರ್ಲಿಮೆಂಟಿಗೆ ಬಂದದ್ದನ್ನು ಪತ್ರಿಕೆಗಳು ಚಿತ್ರಸಹಿತ ಹೊಗಳಿದವು. ಬಾಟಲಿಯನ್ನು ಪುಡಿಮಾಡಿ, ತೊಳೆದು, ಕರಗಿಸಿ, ಸಣ್ಣ ತೂತುಗಳಿಂದ ಎಳೆದರೆ ಪಾಲಿಯೆಸ್ಟರ್ ಎಳೆ ಬರುತ್ತದೆ. ಕೆಲಸ ಒಳ್ಳೆಯದೇ, ಗಟಾರಕ್ಕೆ ಬೀಳುವುದಕ್ಕಿಂತ ಮೈಮೇಲೆ ಬೀಳುವುದು ಮೇಲು. ಆದರೆ ಆ ಅಂಗಿ ಹರಿದಾಗ ಅದರಿಂದ ಮತ್ತೆ ಬಾಟಲಿ ಮಾಡುತ್ತಾರೆಯೆ? ಮತ್ತೊಂದು ಅಂಗಿ ಮಾಡುತ್ತಾರೆಯೆ? ಬಣ್ಣ, ಹತ್ತಿ, ಗುಂಡಿ, ಜರಿ ಬೆರೆತ ಹಳೆಯ ಬಟ್ಟೆ ಬಹುಮಟ್ಟಿಗೆ ಕಸದ ಗುಡ್ಡಕ್ಕೇ ಹೋಗುತ್ತದೆ. ನಡುವೆ ಪ್ರತಿ ಒಗೆತದಲ್ಲಿಯೂ ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಗಳು ನೀರಿಗಿಳಿದು ಕಡಲು ಸೇರುತ್ತವೆ. ಕಂಪೆನಿಯಾದರೋ ಮರುದಿನ ಬೆಳಿಗ್ಗೆ ಹೊಸ ಎಣ್ಣೆಯಿಂದ ಹೊಸ ಬಾಟಲಿಯನ್ನೇ ಹೊಯ್ಯುತ್ತದೆ. 1982ರ ಮುಷ್ಕರದ ಆಚೀಚೆ ಹತ್ತಿಯ ಮಿಲ್ಲುಗಳು ಬಾಗಿಲು ಹಾಕಿ, ಪಾಲಿಯೆಸ್ಟರ್ ಬಟ್ಟೆ ಭಿವಂಡಿಯ ಪವರ್‌ಲೂಮುಗಳಿಂದ ರಾಶಿರಾಶಿಯಾಗಿ ಬರತೊಡಗಿದ್ದನ್ನು ಕಂಡ ನಮ್ಮ ಹಿರಿಯರಿಗೆ, ಅದೇ ಪಾಲಿಯೆಸ್ಟರ್ ಈಗ ಪುಣ್ಯದ ಬಟ್ಟೆಯಾಗಿ ಬಂದದ್ದು ನಗು ತರಿಸಿದರೆ ಆಶ್ಚರ್ಯವಿಲ್ಲ.

ಇರಲಿ, ಒಂದೇ ಸುತ್ತಾದರೂ ತಿರುಗುತ್ತದಷ್ಟೆ. ಅದನ್ನು ತಿರುಗಿಸುವವರು ಯಾರು? ಯಂತ್ರವೆ, ಕಂಪೆನಿಯೆ? ಧಾರಾವಿಯ 13ನೇ ಕಂಪೌಂಡಿಗೆ ಹೋಗಿ ನೋಡಿರಿ. ನಮ್ಮಲ್ಲಿ ಕೆಲವರು ರಜೆಯ ದಿನ ಗುಂಪಾಗಿ ಹೋಗಿ ಬಂದಿದ್ದೇವೆ. ತಗಡಿನ ಮಾಳಿಗೆಗಳ ಕೆಳಗೆ, ಒಬ್ಬ ಮನುಷ್ಯ ನೆಟ್ಟಗೆ ನಿಲ್ಲಲಾರದ ಅಟ್ಟಗಳಲ್ಲಿ, ನಗರದ ಪ್ಲಾಸ್ಟಿಕ್ಕು ಬಂದು ಬೀಳುತ್ತದೆ. ಹೆಂಗಸರು ನೆಲದ ಮೇಲೆ ಕುಳಿತು ಕೈಯಿಂದಲೇ ಆರಿಸುತ್ತಾರೆ: ಬಣ್ಣಕ್ಕೊಂದು ರಾಶಿ, ಜಾತಿಗೊಂದು ರಾಶಿ. ಬೆರಳಿನಿಂದ ಚಿವುಟಿ ನೋಡಿ, ಕಲ್ಲಿಗೆ ಬಡಿದು ಸದ್ದು ಕೇಳಿ, ಅನುಮಾನ ಬಂದರೆ ತುದಿಗೆ ಬೆಂಕಿ ಹಚ್ಚಿ ಹೊಗೆ ಮೂಸಿ ಇದು ಇಂಥದ್ದೆಂದು ಹೇಳಬಲ್ಲವರು ಅವರು. ನೀರಿನ ತೊಟ್ಟಿಯಲ್ಲಿ ಹಾಕಿದರೆ ಚೀಲದ ಜಾತಿ ತೇಲುತ್ತದೆ, ಬಾಟಲಿಯ ಜಾತಿ ಮುಳುಗುತ್ತದೆ. ಕೆಮಿಸ್ಟ್ರಿಯ ಪರೀಕ್ಷೆ ಪಾಸಾದವನು ಪ್ರಯೋಗಶಾಲೆಯಲ್ಲಿ ಮಾಡುವುದನ್ನು ಇವರು ಮೂಗು, ಬೆರಳುಗಳಿಂದ ಮಾಡುತ್ತಾರೆ. ಆ ಮೂಗಿಗೆ ಆಮೇಲೆ ಏನಾಗುತ್ತದೆಂದು ಕೇಳುವವರಿಲ್ಲ. ಆರಿಸಿದ್ದನ್ನು ಗ್ರೈಂಡರಿನಲ್ಲಿ ನುರಿಸಿ, ಕಾಸ್ಟಿಕ್ ಸೋಡದ ನೀರಿನಲ್ಲಿ ತೊಳೆದು, ಮಾಳಿಗೆಯ ಮೇಲೆ ಬಿಸಿಲಿಗೆ ಹರವಿ, ಆಮೇಲೆ ಕರಗಿಸಿ, ಶಾವಿಗೆಯಂತೆ ಎಳೆದು, ನೀರಿನಲ್ಲಿ ತಣಿಸಿ ಕತ್ತರಿಸಿದರೆ 'ದಾಣಾ' ಸಿದ್ಧವಾಗುತ್ತದೆ. ಆ ದಾಣಾದಿಂದ ನಮ್ಮ ಮೋರಿಯ ಬಾಲ್ದಿ, ಕುರ್ಚಿ, ಚಪ್ಪಲಿ, ಪೈಪು. ಕೈಗವಸು ಇಲ್ಲ, ಮುಖಕ್ಕೆ ಬಟ್ಟೆ ಇಲ್ಲ, ಇ.ಎಸ್.ಐ. ಚೀಟಿ ಇಲ್ಲ, ಪ್ರಾವಿಡೆಂಟ್ ಫಂಡಿನ ಹೆಸರೇ ಕೇಳಿಲ್ಲ. ಮಿಲ್ಲಿನ ಬದಲಿ ಕಾಮಗಾರನಿಗೂ ಒಂದು ಬಿಲ್ಲೆಯಾದರೂ ಇತ್ತು. ಇವರಿಗೆ ಅದೂ ಇಲ್ಲ. ಈಗ ಧಾರಾವಿಯನ್ನೇ ಕೆಡವಿ ಕಟ್ಟುವ ಯೋಜನೆ ನಡೆದಿದೆ. ಹೊಸ ಕಟ್ಟಡಗಳ ನಡುವೆ ಈ ಗ್ರೈಂಡರು, ಈ ತೊಟ್ಟಿಗಳಿಗೆ ಜಾಗವಿದ್ದೀತೆ ಎಂಬ ಅಂಜಿಕೆ ಅಲ್ಲಿ ಪ್ರತಿಯೊಬ್ಬರ ಬಾಯಲ್ಲಿಯೂ ಇದೆ.

ಕಾಯಿದೆಯ ಕಣ್ಣು ಯಾರ ಮೇಲೆ ಬೀಳುತ್ತದೆಂಬುದಕ್ಕೆ ಒಂದೇ ಒಂದು ತಿಂಗಳ ಕತೆಯನ್ನು ಓದುಗರ ಮುಂದಿಡುತ್ತೇವೆ. ಅದು 2018ರ ಮಾರ್ಚು. ಆ ತಿಂಗಳ 23ರಂದು ಮಹಾರಾಷ್ಟ್ರ ಸರಕಾರ ಪ್ಲಾಸ್ಟಿಕ್ ನಿಷೇಧದ ಆಜ್ಞೆ ಹೊರಡಿಸಿತು. ತೆಳು ಚೀಲ, ತಟ್ಟೆ, ಚಮಚ, ಹೊಟೇಲಿನ ಪಾರ್ಸೆಲ್ ಡಬ್ಬಿ ಎಲ್ಲವೂ ಅಪರಾಧವಾದವು. ಮೊದಲ ಸಲ ಸಿಕ್ಕಿದರೆ 5,000 ರೂಪಾಯಿ, ಎರಡನೆಯ ಸಲ 10,000, ಮೂರನೆಯ ಸಲ 25,000 ರೂಪಾಯಿ ದಂಡ ಮತ್ತು ಮೂರು ತಿಂಗಳ ಸಜೆ. ಅದೇ ತಿಂಗಳ 27ರಂದು ದಿಲ್ಲಿಯ ಕೇಂದ್ರ ಸರಕಾರ ಇನ್ನೊಂದು ಆಜ್ಞೆ ಹೊರಡಿಸಿತು. ಅದೇನೆಂದರೆ, ಚಿಪ್ಸು, ಬಿಸ್ಕೀಟು, ಶಾಂಪೂ ಪೊಟ್ಟಣಗಳಿವೆಯಲ್ಲ, ಪ್ಲಾಸ್ಟಿಕ್ಕಿನ ಪದರಗಳನ್ನೂ ಲೋಹದ ಹೊಳಪನ್ನೂ ಅಂಟಿಸಿ ಮಾಡಿದವು, ಅವುಗಳಲ್ಲಿ ಮರುಬಳಕೆಗೆ ಬಾರದಂಥವುಗಳನ್ನು ಎರಡು ವರ್ಷದೊಳಗೆ ನಿಲ್ಲಿಸಬೇಕೆಂದು 2016ರ ಮಾರ್ಚಿನ ನಿಯಮಗಳು ಹೇಳಿದ್ದವು. ಆ ಎರಡು ವರ್ಷ ತುಂಬಿದ ಹತ್ತು ದಿನದೊಳಗೆ ನಿಯಮವನ್ನು ತಿದ್ದಿದರು. ಮರುಬಳಕೆಗೆ ಬಾರದಿದ್ದರೇನಂತೆ, ಸುಟ್ಟು ಶಾಖ ತೆಗೆಯಲು ಬಂದರೆ ಅಥವಾ ಬೇರೊಂದು ಉಪಯೋಗಕ್ಕೆ ಬಂದರೆ ಸಾಕು, ತಯಾರಿಸಬಹುದು ಎಂದಾಯಿತು. ಸುಡಲು ಬಾರದ ಪ್ಲಾಸ್ಟಿಕ್ಕು ಎಲ್ಲಿದೆ? ಇಡ್ಲಿ ಕಟ್ಟಿಕೊಟ್ಟ ಅಂಗಡಿಯವನಿಗೆ ಜೈಲಿನ ಬಾಗಿಲು, ಕೋಟಿಗಟ್ಟಲೆ ಪೊಟ್ಟಣ ಉಗುಳುವ ಕಂಪೆನಿಗೆ ಸಿಮೆಂಟ್ ಭಟ್ಟಿಯ ಬಾಗಿಲು! 2022ರ ಜುಲೈ 1ರಿಂದ ದೇಶಕ್ಕೆಲ್ಲ ಬಂದ ನಿಷೇಧವೂ ಇದೇ ಜಾಡಿನದು. ಸ್ಟ್ರಾ, ಚಮಚ, ತಟ್ಟೆ, ಲೋಟ ನಿಂತವು; ಚಿಂದಿ ಆಯುವವರು ಸಹ ಬೆಲೆಯಿಲ್ಲವೆಂದು ಮುಟ್ಟದ ಆ ಹೊಳೆಯುವ ಪೊಟ್ಟಣಗಳು ಪಟ್ಟಿಯಲ್ಲಿಯೇ ಇರಲಿಲ್ಲ.

ಆ 5,000 ರೂಪಾಯಿ ಕೊನೆಗೆ ಯಾರ ಗಂಟಿನಿಂದ ಹೋಯಿತೆಂಬುದನ್ನೂ ಹೇಳಬೇಕು. 2018ರ ಜೂನಿನಲ್ಲಿ ದಂಡ ವಸೂಲಿ ಶುರುವಾದಾಗ ನಮ್ಮ ಸದಸ್ಯರಿರುವ ಒಂದು ಹೊಟೇಲಿಗೂ ಚೀಟಿ ಬಂತು. ಡಬ್ಬಿ ತರಿಸಿದ್ದು ಮಾಲಕರು, ಕಪಾಟಿನಲ್ಲಿ ಇಟ್ಟದ್ದು ಮ್ಯಾನೇಜರು. ಇನ್‌ಸ್ಪೆಕ್ಟರು ಒಳಗೆ ಬಂದಾಗ ಅದನ್ನು ಕೈಯಲ್ಲಿ ಹಿಡಿದಿದ್ದವನು ಪಾರ್ಸೆಲ್ ಕಟ್ಟುವ ಹುಡುಗ. ತಿಂಗಳ ಕೊನೆಗೆ ಅವನ ಪಗಾರದಿಂದ ಸಾವಿರ ರೂಪಾಯಿಯ ಕಡಿತ! ದಂಡವೆಂದು ಪಗಾರದ ನೂರಕ್ಕೆ 3 ಪಾಲಿಗಿಂತ ಹೆಚ್ಚು ಕಡಿಯಬಾರದೆಂದು 1936ರ ವೇತನ ಪಾವತಿ ಕಾಯಿದೆ ಹೇಳಿತ್ತು; 2025ರ ನವೆಂಬರಿನಲ್ಲಿ ಜಾರಿಗೆ ಬಂದ ವೇತನ ಸಂಹಿತೆಯೂ ಅದನ್ನೇ ಹೇಳುತ್ತದೆ. ಕೆಲಸಗಾರನದೇ ತಪ್ಪೆಂದು ಇಟ್ಟುಕೊಂಡರೂ ಅವನ ಮಾತನ್ನು ಕೇಳದೆ ಕಡಿಯುವಂತಿಲ್ಲ. ಅವನು ಆಗ ಸಂಘಕ್ಕೆ ಬರಲಿಲ್ಲ. ಮರುವರ್ಷ ಊರಿಗೆ ಹೋದವನು ಹಿಂದಿರುಗಲೂ ಇಲ್ಲ. ಇಂಥದು ಮತ್ತೆ ನಡೆದರೆ ಅದೇ ದಿನ ನಮಗೆ ತಿಳಿಸಿರೆಂದು ಪ್ರತಿಯೊಬ್ಬ ಸದಸ್ಯನಿಗೂ ಹೇಳುತ್ತೇವೆ.

ಅದೇ 2018ರ ಆಜ್ಞೆಯಲ್ಲಿ ಒಂದು ಒಳ್ಳೆಯ ಮಾತೂ ಇತ್ತು. ಹಾಲಿನ ಚೀಲದ ಮೇಲೆ 50 ಪೈಸೆ ಮರುಖರೀದಿಯ ಬೆಲೆ ಅಚ್ಚಾಗಬೇಕು, ಖಾಲಿ ಚೀಲ ಕೊಟ್ಟವನಿಗೆ ಅದನ್ನು ಕೊಡಬೇಕು ಎಂದು. ದಿನಕ್ಕೆ ನೂರಾರು ಚೀಲ ಕತ್ತರಿಸುವ ನಮ್ಮ ಚಹಾದವರಲ್ಲಿ ಆ ಐವತ್ತು ಪೈಸೆ ಕಂಡವನೊಬ್ಬನನ್ನು ನಾವು ಇನ್ನೂ ಹುಡುಕುತ್ತಿದ್ದೇವೆ. ಮನಸ್ಸಿದ್ದರೆ ಆಗುವುದಿಲ್ಲವೆಂದಲ್ಲ. ತಮಿಳುನಾಡಿನ ನೀಲಗಿರಿಯಲ್ಲಿ ಮದ್ರಾಸ್ ಹೈಕೋರ್ಟಿನ ಆದೇಶದ ಮೇಲೆ 2022ರಿಂದ ಸರಕಾರಿ ಸಾರಾಯಿ ಅಂಗಡಿಗಳು ಬಾಟಲಿಗೆ 10 ರೂಪಾಯಿ ಹೆಚ್ಚಿಗೆ ತೆಗೆದುಕೊಂಡು, ಖಾಲಿ ತಂದವನಿಗೆ ಮರಳಿ ಕೊಡುತ್ತಿವೆ. ಕಾಡಿನಲ್ಲಿ ಒಡೆದು ಆನೆಯ ಕಾಲು ಚುಚ್ಚುತ್ತಿದ್ದ ಬಾಟಲಿಗಳು ಅಂಗಡಿಗೆ ತಿರುಗಿ ಬಂದವು. ಕುಡಿದವನಿಗೂ ಹತ್ತು ರೂಪಾಯಿಯ ನೆನಪಿರುತ್ತದೆ.

ಇನ್ನು ಕಂಪೆನಿಗಳ ಹೊಣೆ. ತಯಾರಿಸಿದವನೇ ತನ್ನ ಪ್ಲಾಸ್ಟಿಕ್ಕನ್ನು ಹಿಂದಕ್ಕೆ ಪಡೆಯಬೇಕೆಂಬ ತತ್ವ ಕಾಯಿದೆಗೆ ಬಂದಿದೆ. 2022ರ ಫೆಬ್ರವರಿಯಲ್ಲಿ ಅದಕ್ಕೆ ವಿವರವಾದ ನಿಯಮಗಳೂ ಆದವು. ಕೇಳಲು ಇಂಪಾಗಿದೆ. ನಡೆಯುವುದೇನೆಂದರೆ, ಇಷ್ಟು ಟನ್ನು ಕರಗಿಸಿದೆವೆಂದು ಕಾರಖಾನೆಯವನು ಪ್ರಮಾಣಪತ್ರ ಬರೆದು ಮಾರುತ್ತಾನೆ, ಕಂಪೆನಿಯವನು ಅದನ್ನು ಕೊಂಡು ತನ್ನ ಹೊಣೆ ತೀರಿತೆನ್ನುತ್ತಾನೆ. 2023ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ತಪಾಸಣೆ ಮಾಡಿದಾಗ ಸುಮಾರು 6 ಲಕ್ಷ ಪ್ರಮಾಣಪತ್ರಗಳು ಸುಳ್ಳೆಂದು ಸಿಕ್ಕಿಬಿದ್ದವು. ಕರಗಿಸದ ಪ್ಲಾಸ್ಟಿಕ್ಕಿಗೆ ಕಾಗದ! ಬಿಲ್ಲಿನಲ್ಲಿ ಒಂದು ಕಪ್ ಚಹಾ ತಪ್ಪಿದರೆ ಸಪ್ಲಾಯರನ ಪಗಾರದಿಂದ ಕಡಿಯುವ ದೇಶ ಇದು. ಆ ನಿಯಮಗಳನ್ನು ಎಷ್ಟು ತಿರುವಿದರೂ, ಆಯುವವರಿಗೆ ಕಿಲೋಗೆ ಕನಿಷ್ಠ ಇಷ್ಟು ಸಲ್ಲಬೇಕೆಂಬ ಒಂದು ಸಾಲು ನಮಗೆ ಸಿಕ್ಕಲಿಲ್ಲ. ಚಕ್ರದ ಗುಣಗಾನ ಮಾಡುವ ಅದೇ ಸರಕಾರ 2021ರ ಅಕ್ಟೋಬರಿನಲ್ಲಿ ಪ್ಲಾಸ್ಟಿಕ್ ಗುಜರಿಯ ಮೇಲಿನ ಜಿ.ಎಸ್.ಟಿ.ಯನ್ನು ನೂರಕ್ಕೆ 5ರಿಂದ 18ಕ್ಕೆ ಏರಿಸಿತು. ಮೇಲಿನವನ ಮೇಲೆ ತೆರಿಗೆ ಏರಿದಾಗ ಕೆಳಗಿನವನ ದರ ಇಳಿಯುತ್ತದೆಂದು ಗೋಣಿ ಹೊತ್ತವರೆಲ್ಲರೂ ಬಲ್ಲರು. ಜಿನೀವಾದಲ್ಲಿ 2025ರ ಆಗಸ್ಟಿನಲ್ಲಿ ಜಗತ್ತಿನ ಸರಕಾರಗಳು ಪ್ಲಾಸ್ಟಿಕ್ ಒಪ್ಪಂದಕ್ಕೆಂದು ಕುಳಿತು ಬರಿಗೈಯಲ್ಲಿ ಎದ್ದವು. ತಯಾರಿಕೆಗೇ ಮಿತಿ ಬೇಕೆಂದು ಕೆಲವರು, ಕೂಡದೆಂದು ಎಣ್ಣೆಯ ದೇಶಗಳು. ಅದರ ವಿಚಾರ ಇಷ್ಟು ಸಾಕು.

ನಮಗೆ ಎದುರಾಡುವವರು ಹೇಳುವುದನ್ನೂ ಕೇಳೋಣ. "ಪ್ಲಾಸ್ಟಿಕ್ಕು ಬಡವರ ಸಾಮಾನು. ಹಿತ್ತಾಳೆಯ ಕೊಡ ಕೊಳ್ಳಲಾರದವಳು ಪ್ಲಾಸ್ಟಿಕ್ಕಿನ ಕೊಡ ಹೊತ್ತಳು. ಮರುಬಳಕೆಯಿಂದ ಲಕ್ಷಾಂತರ ಜನಕ್ಕೆ ಹೊಟ್ಟೆಪಾಡು. ನೀವು ಅದನ್ನು ಹಳಿದರೆ ಬಡವರ ಅನ್ನಕ್ಕೇ ಕಲ್ಲು ಹಾಕಿದಂತೆ" ಎನ್ನುತ್ತಾರೆ. ಈ ಮಾತಿನಲ್ಲಿ ಅರ್ಧ ನಿಜವಿದೆ. ಕೊಡ ನಿಜ, ಬಾಲ್ದಿ ನಿಜ. ಹತ್ತು ವರ್ಷ ಬಾಳುವ ಕೊಡವನ್ನು ಮರುಬಳಕೆಯ ದಾಣಾದಿಂದ ಮಾಡಿದರೆ ನಾವೇ ಕೊಳ್ಳುತ್ತೇವೆ. ಆದರೆ ಹತ್ತು ನಿಮಿಷದಲ್ಲಿ ಎಸೆಯುವ ಪೊಟ್ಟಣವನ್ನು ಕೊಡದ ಸೆರಗಿನಲ್ಲಿ ಬಚ್ಚಿಟ್ಟು ತರುವುದು ವಕೀಲಿ ಮಾತು. ಹೊಟ್ಟೆಪಾಡಿನ ಮಾತಂತೂ ಮಿಲ್ಲಿನ ಮಾಲಕರ ಬಾಯಲ್ಲಿ ನಾವು ಬಹಳ ಕಾಲ ಕೇಳಿದ್ದೇ: ಕೆಲಸ ಕೊಟ್ಟಿದ್ದೇವೆ, ಇನ್ನು ಕೂಲಿ ಕೇಳಬೇಡಿ.

ಇದರಲ್ಲಿ ನಮ್ಮ ತಪ್ಪೂ ಇದೆ. ಅದನ್ನು ಮುಚ್ಚಿಟ್ಟು ಬರೆಯುವುದು ಈ ಪತ್ರಿಕೆಗೆ ಒಪ್ಪುವುದಿಲ್ಲ. ಹೊಟೇಲಿನ ಹಿಂಬಾಗಿಲಿಗೆ ಗೋಣಿ ಹಿಡಿದು ಬಂದ ಹೆಂಗಸನ್ನು 'ಏ ಕಚ್ರಾ' ಎಂದು ಕೂಗಿ ಅಟ್ಟಿದವರು ನಮ್ಮಲ್ಲಿಲ್ಲವೆ? ಅವಳು ಮುಟ್ಟಿದ ಲೋಟವನ್ನು ಬೇರೆ ಇಟ್ಟವರಿಲ್ಲವೆ? ಸಾಂಬಾರಿನ ನೀರು ಸೋರುವ ಚೀಲವನ್ನೂ ಒಡೆದ ಗಾಜನ್ನೂ ಒಂದೇ ಕಡೆ ಎಸೆದು, ಅವಳ ಬೆರಳು ಕೊಯ್ದರೆ ನಮಗೇನು ಎಂದುಕೊಂಡವರಿಲ್ಲವೆ? ಈ ಕೆಲಸದಲ್ಲಿರುವವರು ಬಹುಪಾಲು ದಲಿತರು, ಅದರಲ್ಲಿಯೂ ಹೆಂಗಸರು. ಊರಿನಲ್ಲಿ ಬಿಟ್ಟುಬಂದೆವೆಂದು ನಾವು ಹೇಳಿಕೊಳ್ಳುವ ಮಡಿಮೈಲಿಗೆ ಮುಂಬಯಿಯ ಮೋರಿಯಲ್ಲಿ ನಮ್ಮ ಜೊತೆಗೇ ನಿಂತಿದೆ.

ನೂರೈವತ್ತು ಕಿಲೋಮೀಟರ್ ದೂರದ ಪುಣೆಯಲ್ಲಿ ಈ ಹೆಂಗಸರು ಏನು ಮಾಡಿದರೆಂಬುದನ್ನು ನಾವು ಕಲಿಯಬೇಕು. 1993ರಲ್ಲಿ ಅವರು ಕಾಗದ ಕಾಚ ಪತ್ರಾ ಕಷ್ಟಕರಿ ಪಂಚಾಯತ ಎಂಬ ಸಂಘ ಕಟ್ಟಿದರು: ಕಾಗದ, ಗಾಜು, ತಗಡು ಆಯುವ ಶ್ರಮಿಕರ ಪಂಚಾಯತಿ. ನಾವು ಭಿಕ್ಷುಕರಲ್ಲ, ಕಳ್ಳರಲ್ಲ, ಕೆಲಸಗಾರರು ಎಂಬುದೇ ಅವರ ಮೊದಲ ಬೇಡಿಕೆ. ನಗರಪಾಲಿಕೆಯ ಒಪ್ಪಿಗೆಯಿದ್ದ ಗುರುತಿನ ಚೀಟಿ ಪಡೆದರು. ಮುಂದೆ 'ಸ್ವಚ್ಛ' ಎಂಬ ಸಹಕಾರಿ ಸಂಘ ಮಾಡಿಕೊಂಡು, 2008ರಲ್ಲಿ ಪಾಲಿಕೆಯೊಡನೆ ಕರಾರಾಗಿ, ಮನೆಮನೆಯ ಕಸ ಎತ್ತುವ ಕೆಲಸವನ್ನೇ ಕೈಗೆ ತೆಗೆದುಕೊಂಡರು. ಮನೆಯವರು ತಿಂಗಳಿಗೆ ಕೂಲಿ ಕೊಡಬೇಕು, ಆಯ್ದ ಗುಜರಿಯ ಹಣ ಆಯ್ದವಳದೇ. ದೊಡ್ಡ ಕಂಪೆನಿಗೆ ಆ ಗುತ್ತಿಗೆ ಕೊಡಬೇಕೆಂಬ ಯತ್ನ ನಡೆದಾಗಲೆಲ್ಲ ಬೀದಿಗಿಳಿದು ತಡೆದಿದ್ದಾರೆ. ನಮ್ಮ ಹುಡುಗನ ಪ್ರಶ್ನೆಗೆ ಪುಣೆಯ ಹೆಂಗಸರು ಬಹಳ ವರ್ಷ ಮೊದಲೇ ಉತ್ತರ ಬರೆದಿಟ್ಟಿದ್ದರು.

ಆದ್ದರಿಂದ ನಮ್ಮ ಸಂಘ ಹೊಟೇಲು ಮಾಲಕರ ಮುಂದೆ ಈ ಮಾತುಗಳನ್ನಿಡಲಿದೆ. ಹಿಂಬಾಗಿಲಿನ ಗುಜರಿಯ ಹಣ ಮೊದಲಿನಂತೆ ಮೋರಿಯವರಿಗೂ ಕ್ಲೀನರುಗಳಿಗೂ ಸಲ್ಲಬೇಕು. ಕಂಪೆನಿಯೇ ಒಯ್ಯಲಿ, ಬ್ಯಾಂಕಿನ ಮೂಲಕವೇ ಬರಲಿ, ಚಿಂತೆಯಿಲ್ಲ, ಲೆಕ್ಕವನ್ನು ಗೋಡೆಗೆ ಅಂಟಿಸಲಿ. ಕಸ ಬೇರ್ಪಡಿಸುವ ಅರ್ಧ ಗಂಟೆ ಕೆಲಸದ ಹೊತ್ತಿನೊಳಗೇ ಬರಬೇಕು, ಇಲ್ಲವೇ ಅದಕ್ಕೆ ಓವರ್‌ಟೈಮ್ ಕೊಡಬೇಕು. ರಬ್ಬರಿನ ಕೈಗವಸನ್ನೂ ಕೊಡಬೇಕು. ಎಲ್ಲಿಂದ ಬಂತೆಂದು ತಿಳಿಯದ ಕಪ್ಪು ಚೀಲಗಳಲ್ಲಿ ಬಿಸಿ ಸಾಂಬಾರು ಕಟ್ಟುವುದನ್ನು ನಿಲ್ಲಿಸಬೇಕು. ಮರುಬಳಕೆಯ ಚೀಲದಲ್ಲಿ ಆಹಾರ ಕಟ್ಟಬಾರದೆಂದು 1999ರ ನಿಯಮದಲ್ಲಿಯೇ ಇತ್ತು. ಕ್ರಿಮಿನಾಶಕದ ಡಬ್ಬವೂ ಬ್ಯಾಟರಿಯ ಪೆಟ್ಟಿಗೆಯೂ ಕರಗಿ ಕಪ್ಪಾಗಿ ಒಂದಾದರೆ ಬೇರ್ಪಡಿಸಿ ಹೇಳಬಲ್ಲವರು ಯಾರು? ಈಚೆಗೆ ಆಹಾರಕ್ಕೂ ಒಪ್ಪಿಗೆ ಸಿಕ್ಕಿರುವುದು ಮಂಜೂರಾದ ಕ್ರಮದಲ್ಲಿ ಶುದ್ಧಮಾಡಿದ ಬಾಟಲಿಯ ಪ್ಲಾಸ್ಟಿಕ್ಕಿಗೆ, ಬೀದಿಯ ಚೀಲಕ್ಕಲ್ಲ. ಪಾರ್ಸೆಲಿಗೆ ನಿತ್ಯ ಬರುವ ಗಿರಾಕಿಗಳಿಗೆ ಮುಂಗಡ ಹಣ ಪಡೆದು ಸ್ಟೀಲಿನ ಡಬ್ಬಿ ಕೊಡುವ ಪದ್ಧತಿಯನ್ನು ಒಂದೆರಡು ಹೊಟೇಲುಗಳಾದರೂ ಪ್ರಾರಂಭಿಸಲಿ. ತೊಳೆಯುವ ಕೆಲಸ ಹೆಚ್ಚುತ್ತದೆ, ನಾವು ಬಲ್ಲೆವು. ಮೋರಿಗೆ ಇನ್ನೊಬ್ಬನನ್ನು ನೇಮಿಸಲಿ. ಡಬ್ಬಿ ಕೊಳ್ಳುವ ಹಣ ಉಳಿಯುತ್ತದಲ್ಲ, ಅದರಿಂದ ಅವನ ಪಗಾರ ಕೊಡಲಿ. ಸರಕಾರಕ್ಕೆ ಕೇಳುವುದು ಬೇರೆ: ಕಂಪೆನಿಗಳು ಪ್ರಮಾಣಪತ್ರಕ್ಕೆಂದು ಸುರಿಯುವ ಹಣದಲ್ಲಿ ಆಯುವವರ ಪಾಲು ಇಷ್ಟೆಂದು ನಿಯಮದಲ್ಲಿಯೇ ಬರೆಯಬೇಕು, ಅವರ ಹೆಸರು ಇ.ಎಸ್.ಐ. ಪುಸ್ತಕಕ್ಕೆ ಸೇರಬೇಕು.

ಮಾಲಕರ ಬಳಿಗೆ ಬರಿಯ ಮಾತಿನಿಂದ ಹೋದರೆ ಪ್ರಯೋಜನವಿಲ್ಲ, ಲೆಕ್ಕ ಬೇಕು. ಮುಂದಿನ ತಿಂಗಳ ಮೊದಲ ವಾರ ಏಳು ದಿನ ಪ್ರತಿಯೊಂದು ಹೊಟೇಲಿನ ಸದಸ್ಯರು ತಮ್ಮ ಹಿಂಬಾಗಿಲಿನಿಂದ ಹೊರಗೆ ಹೋದ ಬಾಟಲಿ, ಹಾಲಿನ ಚೀಲ, ರಟ್ಟುಗಳ ತೂಕವೆಷ್ಟು, ಯಾವ ದರದಲ್ಲಿ ಹೋಯಿತು, ಹಣ ಯಾರ ಕೈಗೆ ಬಂತು, ಬೇರ್ಪಡಿಸಲು ಎಷ್ಟು ಹೊತ್ತು ನಿಂತಿರಿ, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಸಂಘದ ಕಚೇರಿಗೆ ಮುಟ್ಟಿಸಬೇಕು. ಹೊಟೇಲಿನ ಹೆಸರು ಬರೆದರೆ ಸಾಕು, ನಿಮ್ಮ ಹೆಸರು ಬೇಡ. ಬರೆಯಲು ಬಾರದವರು ರಾತ್ರಿ ಪಾಳಿ ಮುಗಿಸಿ ಬಂದು ಬಾಯಿಯಲ್ಲಿ ಹೇಳಿದರೂ ಆದೀತು; ಕಚೇರಿಯ ಬಾಗಿಲು ಆ ವಾರ ಒಂದು ಗಂಟೆಯವರೆಗೆ ತೆರೆದಿರುತ್ತದೆ, ಬರೆದುಕೊಳ್ಳಲು ನಾವಿಬ್ಬರು ಕುಳಿತಿರುತ್ತೇವೆ.